ಎಫ್ ಸೊನ್ನೆ ಮೂರು

ಬಂಟ್ವಾಳದ ಸಭಾಭವನವೊಂದರಲ್ಲಿ ಹಿರಿಯ ನಾಗರಿಕರಿಗೆ ಉಚಿತ ತಪಾಸಣಾ ಶಿಬಿರ ನಡೆದ ದಿನ ಮಾವನ ಚೀಟಿಯನ್ನು ಮೊದಲು ಓದಿದವಳು ಶರಣ್ಯಾ. ಓದಲಿಕ್ಕೆ ಅವಳಿಗೆ ಎರಡು ಸೆಕೆಂಡೂ ಬೇಕಾಗಲಿಲ್ಲ. ಮೂಡುಬಿದಿರೆಯ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವಳು ಏಳು ವರ್ಷದಿಂದ ಕೂತವಳು. ಡಾಕ್ಟರುಗಳು ಬರೆದ ಕಾಯಿಲೆಯ ಹೆಸರಿಗೆ ಸರಿಯಾದ ಸಂಕೇತ ಹುಡುಕಿ ಕಂಪ್ಯೂಟರಿಗೆ ತುಂಬುವುದೇ ಅವಳ ಕೆಲಸ. ಲೋಕದ ಎಲ್ಲ ಕಾಯಿಲೆಗಳಿಗೂ ಒಂದು ಇಂಗ್ಲಿಷ್ ಅಕ್ಷರ, ಜೊತೆಗೆ ಕೆಲವು ಅಂಕೆಗಳು. ಸಕ್ಕರೆ ಕಾಯಿಲೆ 'ಇ'ಯಲ್ಲಿ, ಮುರಿದ ಮೂಳೆ 'ಎಸ್'ನಲ್ಲಿ, ಮನಸ್ಸಿಗೆ ಸಂಬಂಧಿಸಿದ್ದೆಲ್ಲ 'ಎಫ್'ನಲ್ಲಿ. ಶಿಬಿರದ ಡಾಕ್ಟರು ಚೀಟಿಯ ಕೆಳಗೆ ಎಫ್ ಸೊನ್ನೆ ಮೂರು ಎಂದು ಬರೆದು, ಪಕ್ಕದಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಎಫ್ ಸೊನ್ನೆ ಮೂರು ಎಂದರೆ ಡಿಮೆನ್ಶಿಯಾ. ಮರೆವಿನ ಕಾಯಿಲೆ.

ಮಾವ ಶ್ರೇಯಾಂಸಕುಮಾರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಎಂತ ಬರೆದಿದ್ದಾರೆ?" ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ಅವಳಿಗೆ ಹೆಚ್ಚು ನೋವಾಯಿತು.

ಅವರಿಗೆ ಅರವತ್ತೇಳು ವರ್ಷ. ಮೂಡುಬಿದಿರೆ ಬಸ್ ನಿಲ್ದಾಣದಲ್ಲಿ ನಲವತ್ತು ವರ್ಷದಿಂದ ಟೈಮ್ ಕೀಪರ್. ಒಂದರ ಹಿಂದೆ ಒಂದು ಖಾಸಗಿ ಬಸ್ಸು ಬರುವ ಜಾಗ ಅದು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಡಬೇಕು ಎಂದು ಪುಸ್ತಕದಲ್ಲಿ ಬರೆದು, ಸಮಯ ಆದಾಗ ವಿಸಿಲ್ ಊದಿ ಕಳಿಸುವುದು ಅವರ ಕೆಲಸ. ಒಂದು ನಿಮಿಷ ಹೆಚ್ಚುಕಡಿಮೆಯಾದರೂ ಮುಂದಿನ ಬಸ್ಸಿನವನಿಗೂ ಹಿಂದಿನ ಬಸ್ಸಿನವನಿಗೂ ಜಗಳ. ವಿಸಿಲ್ ಶ್ರೇಯಾಂಸಣ್ಣನದ್ದಾದರೆ ಜಗಳವಿಲ್ಲ ಎಂದು ಡ್ರೈವರುಗಳೇ ಹೇಳುತ್ತಿದ್ದರು.

ಅಂಥ ಮನುಷ್ಯ ಆ ಮಳೆಗಾಲ ಮುಗಿಯುವಷ್ಟರಲ್ಲಿ ಬೇರೆಯೇ ಆಗಿದ್ದರು. ಕಾರ್ಕಳದ ಬಸ್ಸಿನ ಸಮಯವನ್ನು ಬೆಳ್ತಂಗಡಿಯ ಸಾಲಿನಲ್ಲಿ ಬರೆದರು. ಸ್ಕೂಟರನ್ನು ನಿಲ್ದಾಣದಲ್ಲೇ ಬಿಟ್ಟು ತೋಡಾರಿನ ಮನೆಯವರೆಗೆ ನಡೆದುಕೊಂಡು ಬಂದರು. ಬಸದಿಗೆ ಹೋಗುವುದನ್ನು ನಿಲ್ಲಿಸಿದರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆ ಅವರದು. ಅತ್ತೆ ಅನಂತಮತಿ ಬಡಿಸಿದರೆ ಎರಡು ತುತ್ತು ತಿಂದು, ತಟ್ಟೆಯನ್ನೇ ನೋಡುತ್ತಾ ಕೂರುತ್ತಿದ್ದರು. ಏನು ಕೇಳಿದರೂ "ನೆನಪಿಲ್ಲ" ಎನ್ನುತ್ತಿದ್ದರು.

ಶಿಬಿರದಿಂದ ಬಂದ ಸಂಜೆ ಗಂಡ ಜಿನೇಶ್ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬಂಟ್ವಾಳದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾದ ಅವನೇ ಈ ಶಿಬಿರದ ವಿಷಯ ತಿಳಿದುಕೊಂಡು ಬಂದಿದ್ದ.

"ಇದೆಂತದು ಶರಣ್ಯಾ? ನಿನಗೆ ಗೊತ್ತುಂಟಲ್ಲ."

ಅವಳು ಹೇಳಿಬಿಟ್ಟಳು. ಆಸ್ಪತ್ರೆಯಲ್ಲಿ ದಿನಕ್ಕೆ ಎಂಬತ್ತು ಸಲ ಮಾಡುವ ಕೆಲಸ. ಸಂಕೇತ ನೋಡಿದ ಕೂಡಲೇ ಅರ್ಥ ಬಾಯಿಗೆ ಬಂತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಜಿನೇಶ್ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತು ಬಂದು, ಗೋಡೆಯ ಮೊಳೆಯಲ್ಲಿದ್ದ ಸ್ಕೂಟರಿನ ಕೀಲಿಯನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಮರುದಿನ ಬಸ್ ಮಾಲಕರ ಹತ್ತಿರ ಹೋಗಿ, "ಅಪ್ಪನಿಗೆ ಇನ್ನು ಕೆಲಸ ಬೇಡ, ಹುಷಾರಿಲ್ಲ" ಎಂದ. ಅವರು ಪುಸ್ತಕವನ್ನು ಬೇರೆಯವರ ಕೈಗೆ ಕೊಟ್ಟರು. ಎಲ್ಲವನ್ನೂ ಅವನು ಮಾಡಿದ್ದು ಅಪ್ಪನ ಮೇಲಿನ ಪ್ರೀತಿಯಿಂದಲೇ. ಅಪ್ಪ ಎಲ್ಲಿಯಾದರೂ ದಾರಿ ತಪ್ಪಿ ಹೋದರೆ ಎಂಬ ಹೆದರಿಕೆಯಲ್ಲಿ ಅವನಿಗೂ ನಿದ್ದೆ ಇರಲಿಲ್ಲ.

ಶ್ರೇಯಾಂಸಕುಮಾರ ಯಾವುದಕ್ಕೂ ಬೇಡ ಎನ್ನಲಿಲ್ಲ. "ಒಳ್ಳೆಯದಾಯ್ತು," ಎಂದರು ಅಷ್ಟೇ. ಮತ್ತೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕಿಟಕಿಯ ಹತ್ತಿರದ ಮಂಚದಲ್ಲಿ ಮಲಗಲಿಕ್ಕೆ ಶುರು ಮಾಡಿದರು.

ಮೂರು ವಾರ ಕಳೆಯಿತು. ರಕ್ತದೊತ್ತಡ ನೋಡಿಸಲೆಂದು ಶರಣ್ಯಾ ಅವರನ್ನು ತನ್ನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಳೆಯ ಕಾಗದಗಳ ಜೊತೆ ಶಿಬಿರದ ಚೀಟಿಯೂ ಫೈಲಿಗೆ ಸೇರಿತು. ಸಂಜೆ ಆ ದಿನದ ಫೈಲುಗಳನ್ನು ತುಂಬಿಸುವಾಗ ಅವರದ್ದೂ ಬಂತು. ಶರಣ್ಯಾ ಎಂದಿನಂತೆ ಟೈಪು ಮಾಡಿದಳು: ಎಫ್, ಸೊನ್ನೆ, ಮೂರು. ಮುಂದಿನ ಫೈಲಿಗೆ ಕೈ ಹಾಕಿದವಳು ನಿಂತಳು.

ಚೀಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ಪರದೆಯ ಮೇಲೆ ಇರಲಿಲ್ಲ. ಆ ಚೌಕದಲ್ಲಿ ಅದನ್ನು ಹಾಕಲಿಕ್ಕೆ ಜಾಗವೇ ಇಲ್ಲ. ಇನ್ನು ಯಾವ ಡಾಕ್ಟರು ಈ ಫೈಲು ತೆರೆದರೂ ಕಾಣುವುದು ಖಚಿತವಾದ ಕಾಯಿಲೆ, ಅನುಮಾನವಲ್ಲ.

ಅವಳಿಗೆ ನಿಯಮ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕಲಿಸಿದ್ದರು: ಹೊರರೋಗಿಗಳಿಗೆ ಡಾಕ್ಟರು ಕಾಯಿಲೆಯ ಅನುಮಾನ ಮಾತ್ರ ಬರೆದಿದ್ದರೆ ಕಾಯಿಲೆಯ ಸಂಕೇತ ಹಾಕಬಾರದು, ಕಾಣುವ ಲಕ್ಷಣದ ಸಂಕೇತ ಹಾಕಬೇಕು. ಮರೆವಿಗೆ ಬೇರೆಯೇ ಸಂಕೇತ ಉಂಟು, ಅದು 'ಆರ್' ಅಕ್ಷರದ್ದು. ಕೆಲಸದ ಒತ್ತಡದಲ್ಲಿ ಈ ಏಳು ವರ್ಷಗಳಲ್ಲಿ ಎಷ್ಟು ಜನರ ಚಿಹ್ನೆಯನ್ನು ಹೀಗೆ ಬಿಟ್ಟಿರಬಹುದು? ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಜಿನೇಶ್ ಕೇಳಿದ ಸಂಜೆ ಅವಳು ಹೇಳಿದ್ದೇನು? "ಡಾಕ್ಟರಿಗೆ ಅನುಮಾನ ಉಂಟು, ಇನ್ನೂ ನೋಡಬೇಕು" ಎಂದಳೇ? ಇಲ್ಲ. ಡಿಮೆನ್ಶಿಯಾ ಎಂದಳು. ಚಿಹ್ನೆಯನ್ನು ಮೊದಲು ಬಿಟ್ಟದ್ದು ಅವಳ ಬಾಯಿ.

ಅಂದು ರಿಕ್ಷಾದಲ್ಲಿ ಮನೆಗೆ ಬರುವಾಗಲೇ ಅವಳು ಉಝ್ಮಾಳಿಗೆ ಫೋನು ಮಾಡಿದಳು. ಮೂಡುಬಿದಿರೆಯ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನವರು. ಉಝ್ಮಾ ಮುಂದೆ ಮನಃಶಾಸ್ತ್ರ ಓದಿ, ಈಗ ಬೆಳ್ತಂಗಡಿ ಪೇಟೆಗೆ ತಾಗಿದ ಲಾಯಿಲದಲ್ಲಿ ಸಣ್ಣದೊಂದು ಕೋಣೆ ಮಾಡಿಕೊಂಡು ಜನರನ್ನು ನೋಡುತ್ತಿದ್ದಳು.

"ಶಿಬಿರದಲ್ಲಿ ಎಷ್ಟು ಹೊತ್ತು ನೋಡಿದರು?" ಉಝ್ಮಾ ಕೇಳಿದಳು.

"ಐದಾರು ನಿಮಿಷ. ಹಿಂದೆ ಇನ್ನೂ ಐವತ್ತು ಜನ ಇದ್ದರು. ಅವರದ್ದು ತಪ್ಪು ಅಂತ ಹೇಳ್ತಿಲ್ಲ ನಾನು."

"ತಪ್ಪೇನಲ್ಲ. ಅನುಮಾನ ಬಂತು, ಬರೆದರು. ಆ ಮೇಲೆ ಯಾರಾದರೂ ಕೂತು ನೋಡಬೇಕಿತ್ತು. ಕರೆದುಕೊಂಡು ಬಾ."

ಮಾವನನ್ನು ಒಪ್ಪಿಸುವುದು ಕಷ್ಟವಾಗಬಹುದು ಎಂದುಕೊಂಡಿದ್ದಳು. "ಬೆಳ್ತಂಗಡಿಗೆ ಹೋಗುವ ಮಾವ, ನನ್ನ ಸ್ನೇಹಿತೆ ಒಬ್ಬಳಿದ್ದಾಳೆ," ಎಂದಾಗ ಅವರು, "ಹೋಗುವ. ನನಗೆ ಎಲ್ಲಿಯಾದರೂ ಒಂದೇ," ಎಂದು ಅಂಗಿ ಹಾಕಿಕೊಂಡರು. ಗುಂಡಿಗಳು ಮೇಲೆ ಕೆಳಗೆ ಆಗಿದ್ದವು. ಅತ್ತೆ ಬಂದು ಬಿಚ್ಚಿ ಸರಿಯಾಗಿ ಹಾಕಿದರು. ಹಾಕುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಅವರನ್ನು ನೋಡಿದವನೇ ಮುಂದಿನ ಸೀಟು ಬಿಡಿಸಿ ಕೊಟ್ಟ. "ಎಂತ ಶ್ರೇಯಾಂಸಣ್ಣ, ಕಾಣುವುದೇ ಇಲ್ಲ! ನೀವು ಇಲ್ಲದೆ ಅಲ್ಲಿ ದಿನಾ ಗಲಾಟೆ ಮಾರಾಯ್ರೆ." ಅವರು ನಗಲಿಕ್ಕೆ ನೋಡಿದರು. ನಗೆ ಬಾಯಿಯ ಒಂದು ಮೂಲೆಯಲ್ಲೇ ನಿಂತಿತು. ವೇಣೂರು ದಾಟುವವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕೂತರು.

ಉಝ್ಮಾಳ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಕುಡಿಯುವ ನೀರಿನ ಹೂಜಿ. ಅವಳು ಮೊದಲು ಶರಣ್ಯಾಳಿಗೆ ಹೊರಗೆ ಕೂರಲು ಹೇಳಿದಳು. "ಇರಲಿ ಅಮ್ಮ," ಎಂದರು ಶ್ರೇಯಾಂಸಕುಮಾರ, "ಅವಳು ಇದ್ದರೆ ನನಗೆ ಧೈರ್ಯ."

ಉಝ್ಮಾ ತುಳುವಿನಲ್ಲೇ ಮಾತಾಡಿದಳು. ಮೂವತ್ತು ಅಂಕಗಳ ಒಂದು ಹಾಳೆ ತೆಗೆದು, ಇದು ನೆನಪು ಮತ್ತು ಗಮನವನ್ನು ನೋಡುವ ಪರೀಕ್ಷೆ, ಪಾಸು ಫೇಲು ಇಲ್ಲ ಎಂದು ವಿವರಿಸಿದಳು.

"ಇವತ್ತು ಯಾವ ವಾರ?"

"ಗೊತ್ತಿಲ್ಲ."

"ತಿಂಗಳು?"

"ಗೊತ್ತಿಲ್ಲ ಅಮ್ಮ."

"ನೂರರಿಂದ ಏಳು ಕಳೆದರೆ?"

"ಅದೆಲ್ಲ ನನ್ನಿಂದ ಆಗುವುದಿಲ್ಲ."

ಮೂರು ವಸ್ತುಗಳ ಹೆಸರು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. ಅವರು ತಲೆ ಅಲ್ಲಾಡಿಸಿದರು. ಮೂವತ್ತರಲ್ಲಿ ಹದಿನಾರು. ಶರಣ್ಯಾಳಿಗೆ ತಡೆಯಲಾಗಲಿಲ್ಲ.

"ಉಝ್ಮಾ, ಇವರಿಗೆ ಎಲ್ಲ ಬಸ್ಸಿನ ಸಮಯವೂ ಬಾಯಿಪಾಠ ಉಂಟು. ಈಗ ಕೇಳಿದರೂ ಹೇಳ್ತಾರೆ. ನೆನಪು ಹೋದವರಿಗೆ ಅದು ಹೇಗೆ ಬರ್ತದೆ?"

"ಹಳೆಯದು ಆ ಕಾಯಿಲೆಯಲ್ಲೂ ತುಂಬಾ ಕಾಲ ಉಳಿಯುತ್ತದೆ," ಉಝ್ಮಾ ಮೆತ್ತಗೆ ಹೇಳಿದಳು. "ಅದನ್ನು ಹಿಡಿದು ಏನೂ ಹೇಳಲಿಕ್ಕೆ ಆಗುವುದಿಲ್ಲ. ನಿನ್ನನ್ನು ಸಮಾಧಾನ ಮಾಡಲಿಕ್ಕೆ ನಾನು ಸುಳ್ಳು ಹೇಳುವುದಿಲ್ಲ."

ಉಝ್ಮಾ ಹಾಳೆಯನ್ನು ಪಕ್ಕಕ್ಕಿಟ್ಟು, ಹೂಜಿಯಿಂದ ನೀರು ಬಗ್ಗಿಸಿ ಅವರ ಕೈಗೆ ಕೊಟ್ಟಳು.

"ನಿಮಗೆ ಮರೆವು ಅಂತ ಯಾರು ಹೇಳಿದ್ದು?"

"ಯಾರು ಹೇಳಬೇಕು? ನಾನೇ ಹೇಳ್ತೇನೆ. ನನ್ನ ತಲೆ ಹೋಗಿದೆ. ಯಾವುದಕ್ಕೂ ಆಗದವ ಆಗಿದ್ದೇನೆ."

"ಬಂಟ್ವಾಳಕ್ಕೆ ಹೋಗಿದ್ದಿರಂತಲ್ಲ. ಆ ದಿನದ್ದು ಏನಾದರೂ ನೆನಪುಂಟಾ?"

ಉಝ್ಮಾ ಅವಸರ ಮಾಡಲಿಲ್ಲ. ಹೊರಗೆ ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಅದರ ಸದ್ದು ಪೂರ್ತಿ ಇಳಿದ ಮೇಲೆ ಅವರು ನೀರಿನ ಲೋಟವನ್ನೇ ನೋಡುತ್ತಾ ಹೇಳಿದರು.

"ಇವಳಿಗೆ ಪಾಪ, ಆ ದಿನ ತುಂಬಾ ಕಷ್ಟ ಆಯ್ತು. ನಮ್ಮ ನಂಬರು ನಲವತ್ತಮೂರು. ಡಾಕ್ಟರ ಹತ್ತಿರ ಹೋಗುವಾಗ ಒಂದು ಗಂಟೆ ದಾಟಿತ್ತು. ಅಲ್ಲಿ ಎಲ್ಲರಿಗೂ ಅವಲಕ್ಕಿ ಪೊಟ್ಟಣ ಕೊಟ್ಟರು. ಪಕ್ಕದಲ್ಲಿ ಒಬ್ಬರು ಅಜ್ಜಿ, ಹಸಿರು ಸೀರೆಯವರು. ಅವರಿಗೆ ತಲೆ ತಿರುಗುತ್ತದೆ ಅಂತ ಇವಳು ತನ್ನ ಪೊಟ್ಟಣವನ್ನೂ ಅವರಿಗೇ ಕೊಟ್ಟಳು. ಮನೆಗೆ ಬರುವವರೆಗೆ ಇವಳು ಏನೂ ತಿನ್ನಲಿಲ್ಲ. ನನ್ನದು ತಿನ್ನು ಅಂತ ಹೇಳಬೇಕು ಅಂತ ಇತ್ತು. ನನಗೆ ಬಾಯಿ ಬರಲಿಲ್ಲ."

ಆ ಅಜ್ಜಿಯನ್ನು ಶರಣ್ಯಾಳೇ ಮರೆತಿದ್ದಳು. ಹಸಿರು ಸೀರೆ ಎಂದ ಮೇಲೆ ಮುಖ ನೆನಪಾಯಿತು. ಅವಳ ಕಣ್ಣು ತುಂಬಿತು.

ಉಝ್ಮಾ ಹಾಳೆಯ ಅಂಚಿನಲ್ಲಿ ಏನೋ ಬರೆದುಕೊಂಡಳು. "ನಾಲ್ಕು ವಾರದ ಹಿಂದಿನದ್ದು ಇಷ್ಟು ನೆನಪುಂಟು. ಹಾಗಾದರೆ ತಿಂಗಳು ಯಾವುದು ಅಂತ ಕೇಳಿದಾಗ ಯಾಕೆ ಗೊತ್ತಿಲ್ಲ ಅಂದಿರಿ?"

"ಯೋಚನೆ ಮಾಡಲಿಕ್ಕೆ ಬಲ ಬೇಕಲ್ಲ ಅಮ್ಮ. ಗೊತ್ತಿಲ್ಲ ಅಂದರೆ ಮುಗಿಯಿತು."

ಆಗ ಉಝ್ಮಾ ಇನ್ನೊಂದು ಹಾಳೆ ತೆಗೆದಳು. ಅದರಲ್ಲಿ ಒಂಬತ್ತೇ ಪ್ರಶ್ನೆಗಳು. ಕಳೆದ ಎರಡು ವಾರಗಳಲ್ಲಿ ಹೀಗೆ ಆಗಿದೆಯೇ? ಇಲ್ಲವೇ ಇಲ್ಲ ಎಂದರೆ ಸೊನ್ನೆ, ಕೆಲವು ದಿನ ಎಂದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ ಎರಡು, ಹೆಚ್ಚುಕಡಿಮೆ ದಿನಾಲೂ ಎಂದರೆ ಮೂರು. ಶರಣ್ಯಾ ಆ ಹಾಳೆಯ ಹೆಸರನ್ನೂ ಅಂಕಗಳನ್ನೂ ಫೈಲುಗಳಲ್ಲಿ ಎಷ್ಟೋ ಸಲ ನೋಡಿದ್ದಳು. ಪ್ರಶ್ನೆಗಳನ್ನು ಒಬ್ಬ ಮನುಷ್ಯನ ಎದುರಿಗೆ ಕೇಳುವುದನ್ನು ನೋಡಿದ್ದು ಅದೇ ಮೊದಲು.

ಯಾವುದರಲ್ಲೂ ಆಸಕ್ತಿ ಇಲ್ಲವೇ ಎಂಬುದಕ್ಕೆ, "ದಿನಾಲೂ." ನಿದ್ದೆಗೆ, "ಮೂರು ಗಂಟೆಗೆ ಎಚ್ಚರ ಆಗ್ತದೆ, ಮತ್ತೆ ಬರುವುದಿಲ್ಲ." ಊಟಕ್ಕೆ, "ರುಚಿ ಇಲ್ಲ." ಒಂದೊಂದಕ್ಕೂ ಅವರ ಧ್ವನಿ ಸಣ್ಣದಾಗುತ್ತಾ ಬಂತು. ಆರನೆಯ ಪ್ರಶ್ನೆ ಕೇಳುವಾಗ ಉಝ್ಮಾ ಹಾಳೆ ನೋಡಲಿಲ್ಲ, ಅವರ ಮುಖ ನೋಡಿದಳು.

"ನನ್ನಿಂದ ತಪ್ಪಾಯಿತು, ನಾನು ಒಳ್ಳೆಯವನಲ್ಲ ಅಂತ ಮನಸ್ಸಿಗೆ ಬರ್ತದಾ?"

ಅವರು ಕೈಯ ಲೋಟವನ್ನು ಮೇಜಿನ ಮೇಲಿಟ್ಟರು.

"ಅಮ್ಮಣಿ ಅಂತ ಒಬ್ಬಳಿದ್ದಳು," ಎಂದರು.

ಅಮ್ಮಣಿ ಬಂಟ್ವಾಳ ರಸ್ತೆಯ ಸಿದ್ದಕಟ್ಟೆಯವಳು. ಬಸಳೆ, ಹರಿವೆ, ತೊಂಡೆಕಾಯಿ ಬುಟ್ಟಿಯಲ್ಲಿ ತಂದು ಮೂಡುಬಿದಿರೆಯಲ್ಲಿ ಮಾರಿ, ಸಂಜೆ ನಾಲ್ಕೂ ಹತ್ತರ ಬಸ್ಸಿಗೆ ವಾಪಸು ಹೋಗುವವಳು. ಜೂನ್ ತಿಂಗಳಲ್ಲಿ ಒಂದು ದಿನ ಜೋರು ಮಳೆ. ಹಿಂದಿನ ಬಸ್ಸಿನವನು ಹಾರನ್ ಹಾಕುತ್ತಿದ್ದ. ನಾಲ್ಕೂ ಹತ್ತು ಆಗಿತ್ತು. ನಿಲ್ದಾಣದ ಆಚೆ ತುದಿಯಿಂದ ಅಮ್ಮಣಿ ಬುಟ್ಟಿ ಹಿಡಿದುಕೊಂಡು ಬರುವುದು ಅವರಿಗೆ ಕಂಡಿತು.

"ನಾನು ನೋಡಿದೆ," ಎಂದರು ಶ್ರೇಯಾಂಸಕುಮಾರ. "ನೋಡಿದ ಮೇಲೆ ವಿಸಿಲ್ ಊದಿದೆ. ಇನ್ನೊಂದು ಬಸ್ಸು ಹತ್ತೇ ನಿಮಿಷಕ್ಕೆ ಉಂಟು, ಅದರಲ್ಲಿ ಬರಲಿ ಅಂತ. ಅವಳು ಓಡಿದಳು. ಜಾರಿ ಬಿದ್ದಳು. ಸೊಂಟ ಮುರಿಯಿತು. ನಾನೇ ಎತ್ತಿ ರಿಕ್ಷಾದಲ್ಲಿ ಕೂರಿಸಿದ್ದು. ಅಷ್ಟು ನೋವಿನಲ್ಲಿಯೂ ನನ್ನ ಹತ್ತಿರ, 'ಬುಟ್ಟಿ ತೆಗೆದಿಡಿ ಅಣ್ಣ' ಅಂದಳು. ಮತ್ತೆ ಏಳಲೇ ಇಲ್ಲ. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ ಆಗಸ್ಟಿನಲ್ಲಿ ಹೋದಳು. ಎಲ್ಲರೂ ಹೇಳಿದ್ದು, ನೆಲ ಜಾರುತ್ತಿತ್ತು ಅಂತ. ನಾನು ನೋಡಿದ್ದೆ ಅಂತ ಯಾರಿಗೂ ಗೊತ್ತಿಲ್ಲ. ಇವಳ ಅತ್ತೆಗೂ ಹೇಳಲಿಲ್ಲ."

ಅವರು ಅತ್ತರು. ಮದುವೆಯಾಗಿ ಬಂದ ಒಂಬತ್ತು ವರ್ಷಗಳಲ್ಲಿ ಶರಣ್ಯಾ ಅವರ ಅಳು ನೋಡಿರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅವರ ತೋಳಿನ ಮೇಲೆ ಕೈ ಇಟ್ಟಳು. ಅವರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಉಝ್ಮಾ ಉಳಿದ ಪ್ರಶ್ನೆಗಳನ್ನು ಬಿಡಲಿಲ್ಲ. ಒಂಬತ್ತನೆಯದನ್ನು, ಬದುಕಿರುವುದಕ್ಕಿಂತ ಸಾಯುವುದೇ ಮೇಲು ಅನಿಸುತ್ತದೆಯೇ ಎಂಬುದನ್ನು, ಸುತ್ತಿಬಳಸದೆ ಕೇಳಿದಳು.

"ಕೆಲವು ದಿನ," ಎಂದರು. "ನನ್ನನ್ನು ಕರೆದುಕೊಂಡು ಹೋಗಬಾರದಾ ಅಂತ. ಅದಕ್ಕಿಂತ ಮುಂದೆ ಯೋಚನೆ ಹೋಗಲಿಲ್ಲ. ನಮ್ಮಲ್ಲಿ ಅದು ದೊಡ್ಡ ಪಾಪ."

"ಹೇಳಿದ್ದು ಒಳ್ಳೆಯದಾಯ್ತು. ಹಾಗೆ ಅನಿಸಿದ ದಿನ ಶರಣ್ಯಾಳಿಗೆ ಹೇಳ್ತೀರಾ? ಅಥವಾ ನನಗೆ ಫೋನು ಮಾಡ್ತೀರಾ?"

"ಹೇಳ್ತೇನೆ."

ಒಟ್ಟು ಹದಿನೇಳು ಬಂತು. ಉಝ್ಮಾ ಹೊರಗೆ ಜಗಲಿಯಲ್ಲಿ ಶರಣ್ಯಾಳ ಜೊತೆ ನಿಂತು ಮಾತಾಡಿದಳು. ಮನಸ್ಸು ಕುಸಿದಾಗ ನೆನಪೂ ಹೋದಂತೆ ಕಾಣಬಹುದು. ವಯಸ್ಸಾದವರಲ್ಲಿ ಅದನ್ನು ಮರೆವಿನ ಕಾಯಿಲೆ ಎಂದು ತಿಳಿಯುವುದು ಅಪರೂಪವಲ್ಲ. ಇವರದ್ದು ನಾಲ್ಕೇ ತಿಂಗಳಲ್ಲಿ ಬಂದದ್ದು, ತನಗೆ ಮರೆವು ಎಂದು ಇವರೇ ಹೇಳುತ್ತಾರೆ, ಉತ್ತರ ಹುಡುಕುವ ಮೊದಲೇ ಗೊತ್ತಿಲ್ಲ ಎನ್ನುತ್ತಾರೆ.

"ಆದರೆ ಕೇಳು," ಎಂದಳು. "ಹದಿನಾರೂ ಹದಿನೇಳೂ ಬರೀ ಅಂಕ. ಅಕ್ಕಿ ಜರಡಿ ಹಿಡಿದ ಹಾಗೆ. ಏನೋ ನಿಂತಿದೆ ಅಂತ ಮಾತ್ರ ಗೊತ್ತಾಯಿತು. ಅದು ಕಲ್ಲಾ, ನುಚ್ಚಾ ಅಂತ ಕೈಯಲ್ಲಿ ಹಿಡಿದೇ ನೋಡಬೇಕು. ಮಂಗಳವಾರ ಬೆಳ್ತಂಗಡಿಗೆ ಮನೋವೈದ್ಯರು ಬರ್ತಾರೆ. ತೀರ್ಮಾನ ಅವರದ್ದು. ರಕ್ತ ಪರೀಕ್ಷೆಯೂ ಆಗಬೇಕು. ಅಲ್ಲಿಯವರೆಗೆ ಮಾವನನ್ನು ಒಬ್ಬರೇ ಬಿಡಬೇಡಿ."

ಆ ಸಂಜೆ ಶರಣ್ಯಾ ಜಿನೇಶನಿಗೆ ಎಲ್ಲವನ್ನೂ ಹೇಳಿದಳು, ಮಾವನ ಒಪ್ಪಿಗೆ ತೆಗೆದುಕೊಂಡೇ. ತಾನು ಚಿಹ್ನೆ ಬಿಟ್ಟು ಓದಿದ್ದನ್ನೂ ಹೇಳಿದಳು.

"ನೀನು ಓದಿದ್ದು ಒಂದು ಅಕ್ಷರ. ಅದನ್ನು ಹಿಡಿದುಕೊಂಡು ಊರಿಗೆಲ್ಲ ಹೇಳಿದವನು ನಾನು," ಎಂದ ಜಿನೇಶ್. ಎದ್ದು ಹೋಗಿ ಅಪ್ಪನ ಮಂಚದ ತುದಿಯಲ್ಲಿ ಕೂತ. ಅಪ್ಪನ ಕಾಲು ಒತ್ತಲಿಕ್ಕೆ ಶುರು ಮಾಡಿದ. ಸಣ್ಣವನಿದ್ದಾಗ ಮಾಡುತ್ತಿದ್ದ, ಮತ್ತೆ ಮಾಡಿರಲಿಲ್ಲ. ಶ್ರೇಯಾಂಸಕುಮಾರ ಬೇಡ ಬೇಡ ಎನ್ನುತ್ತಾ ಕಾಲು ಚಾಚಿಯೇ ಇಟ್ಟರು.

ಮಂಗಳವಾರ ಮನೋವೈದ್ಯರು ಮುಕ್ಕಾಲು ಗಂಟೆ ಮಾತಾಡಿದರು. ರಕ್ತದಲ್ಲಿ ವಿಟಮಿನ್ ಬಿ-ಹನ್ನೆರಡು ಕಡಿಮೆ ಇತ್ತು. ಥೈರಾಯ್ಡ್ ಸರಿ ಇತ್ತು. ಚೀಟಿಯಲ್ಲಿ ಅವರು ಬರೆದದ್ದು ಎಫ್ ಮೂವತ್ತೆರಡು ಬಿಂದು ಒಂದು. ಮಧ್ಯಮ ಪ್ರಮಾಣದ ಖಿನ್ನತೆ. ಕೆಳಗೆ, ಮೂರು ತಿಂಗಳ ನಂತರ ನೆನಪಿನ ಪರೀಕ್ಷೆ ಮತ್ತೆ ಮಾಡಬೇಕು ಎಂದೂ ಬರೆದಿದ್ದರು.

ಈ ಸಲ ಶ್ರೇಯಾಂಸಕುಮಾರ ಕೇಳಿದರು. "ಎಂತ ಬರೆದಿದ್ದಾರೆ?"

ಶರಣ್ಯಾ ಪೂರ್ತಿ ಓದಿ ಹೇಳಿದಳು. "ಈಗಿನ ಮಟ್ಟಿಗೆ ಇದು, ಮಾವ. ಬದಲಾದರೆ ಬದಲಾಯಿಸಿ ಬರೀತಾರೆ. ಗುಣ ಆಗುವ ಕಾಯಿಲೆ ಅಂತ ಹೇಳಿದ್ದಾರೆ."

"ಅದಕ್ಕೂ ನಂಬರು ಉಂಟಾ? ಬೇಸರಕ್ಕೆ?"

"ಎಲ್ಲದಕ್ಕೂ ಉಂಟು."

"ಹಾಗಾದರೆ ನನ್ನ ಹಾಗೆ ಬೇರೆಯವರೂ ಇದ್ದಾರೆ," ಎಂದರು ಅವರು. ಅವರ ಮುಖದಲ್ಲಿ ಸಣ್ಣದೊಂದು ಸಮಾಧಾನ ಕಂಡಿತು. ಸಂಕೇತವೊಂದು ಯಾರಿಗಾದರೂ ಸಮಾಧಾನ ಕೊಡಬಹುದು ಎಂದು ಶರಣ್ಯಾ ಆವರೆಗೆ ಯೋಚಿಸಿರಲಿಲ್ಲ.

ಮರುದಿನ ಅವಳು ದಾಖಲೆ ವಿಭಾಗದ ಮುಖ್ಯಸ್ಥರ ಬಳಿ ಹೋಗಿ, ತಾನು ತಪ್ಪು ತುಂಬಿದ್ದನ್ನು ಒಪ್ಪಿಕೊಂಡು, ತಿದ್ದುಪಡಿಯ ಅರ್ಜಿ ಬರೆದುಕೊಟ್ಟಳು. ಅದರ ಜೊತೆಗೇ ಅನುಮಾನದ ಸಂಕೇತಗಳ ಹಳೆಯ ಫೈಲುಗಳನ್ನೂ ನೋಡಬೇಕೆಂದು ಕೇಳಿದಳು. ಅವರು ಸ್ವಲ್ಪ ಗೊಣಗಿ ಒಪ್ಪಿದರು. ದಿನಕ್ಕೆ ಹತ್ತು ಫೈಲಿನಂತೆ ಅವಳು ನೋಡುತ್ತಾ ಹೋದಳು.

ಗುಣವಾಗುವುದು ನೆಟ್ಟಗಿನ ದಾರಿಯಾಗಿರಲಿಲ್ಲ. ಮೊದಲ ಎರಡು ವಾರ ಮಾತ್ರೆಯಿಂದ ಬರೀ ಬಾಯಿ ಒಣಗಿತು. ಮೂರನೆಯ ವಾರ ಒಂದು ದಿನ ಬಸದಿಗೆ ಹೋಗಿ ಬಂದರು, ಮರುದಿನ ಮಂಚದಿಂದ ಏಳಲಿಲ್ಲ. ಅನಂತಮತಿ ಗಂಡನನ್ನು ಏಳಿಸಲಿಕ್ಕೆ ಹೋಗಲಿಲ್ಲ. ತಾವೂ ಬಂದು ಪಕ್ಕದಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದರು. ಅಮ್ಮಣಿಯ ವಿಷಯವನ್ನು ಅವರು ಗಂಡನ ಬಾಯಿಂದಲೇ ಕೇಳಿದ್ದರು. ಕೇಳಿ, "ಇಷ್ಟು ದಿನ ಒಬ್ಬರೇ ಹೊತ್ತಿರಲ್ಲ," ಎಂದಿದ್ದರು. ಉಝ್ಮಾಳ ಹತ್ತಿರ ವಾರಕ್ಕೊಮ್ಮೆ ಹೋಗುವುದು ತಪ್ಪಲಿಲ್ಲ.

ಫೆಬ್ರವರಿಯಲ್ಲಿ ನೆನಪಿನ ಪರೀಕ್ಷೆ ಮತ್ತೆ ಮಾಡಿದರು. ಮೂವತ್ತರಲ್ಲಿ ಇಪ್ಪತ್ತೇಳು. ಒಂಬತ್ತು ಪ್ರಶ್ನೆಗಳ ಹಾಳೆಯಲ್ಲಿ ಹದಿನೇಳು ಇದ್ದದ್ದು ಆರಕ್ಕೆ ಇಳಿದಿತ್ತು. ಆರನೆಯ ಪ್ರಶ್ನೆಗೆ ಅವರ ಉತ್ತರ ಮಾತ್ರ ಇನ್ನೂ ಎರಡರಲ್ಲೇ ನಿಂತಿತ್ತು.

"ಅದು ಮಾತ್ರೆಯಿಂದ ಪೂರ್ತಿ ಹೋಗುವಂಥದ್ದಲ್ಲ ಅಂತ ಕಾಣ್ತದೆ," ಎಂದರು ಅವರೇ. "ಅವಳ ಮನೆಗೆ ಹೋಗಿ ಬರಬೇಕು."

ಉಝ್ಮಾ ಅವಸರ ಮಾಡಬೇಡಿ ಎಂದಳು. ಹೋದರೆ ಅವರು ಬೈಯಬಹುದು, ಬಾಗಿಲು ಹಾಕಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದು ಎರಡು ವಾರ ಅದರ ಬಗ್ಗೆಯೇ ಮಾತಾಡಿದಳು. ಮಾರ್ಚಿನಲ್ಲಿ ಒಂದು ಭಾನುವಾರ ಶರಣ್ಯಾ ಮತ್ತು ಮಾವ ಸಿದ್ದಕಟ್ಟೆಯಲ್ಲಿ ಇಳಿದರು.

ಅಮ್ಮಣಿಯ ಮಗಳು ಪ್ರಾಪ್ತಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ಟೈಮ್ ಕೀಪರ್ ಎಂದು ಗುರುತು ಹಿಡಿದು ಜಗಲಿಯಲ್ಲಿ ಕೂರಿಸಿದಳು. ಶ್ರೇಯಾಂಸಕುಮಾರ ಕೂರಲಿಲ್ಲ. ನಿಂತೇ ಹೇಳಿದರು: ನೋಡಿದ್ದು, ವಿಸಿಲ್ ಊದಿದ್ದು, ಹೇಳದೆ ಇದ್ದದ್ದು.

ಪ್ರಾಪ್ತಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿದಳು. ನೀರು ಇಲ್ಲದಿದ್ದರೂ ಮತ್ತೆ ಹಿಂಡಿದಳು.

"ಒಂದು ನಿಮಿಷ ನಿಲ್ಲಿಸಬಹುದಿತ್ತು," ಎಂದಳು.

"ಹೌದು," ಎಂದರು ಅವರು. "ನಿಲ್ಲಿಸಬಹುದಿತ್ತು."

ಅವಳು ಒಳಗೆ ಹೋದಳು. ಇನ್ನು ಹೊರಡುವುದೇ ಒಳ್ಳೆಯದು ಎಂದು ಶರಣ್ಯಾ ಎದ್ದಳು. ಅಷ್ಟರಲ್ಲಿ ಪ್ರಾಪ್ತಿ ಎರಡು ಲೋಟ ಮಜ್ಜಿಗೆ ತಂದಳು. ಕಣ್ಣು ಕೆಂಪಾಗಿತ್ತು.

"ಅಮ್ಮ ಆಸ್ಪತ್ರೆಯಲ್ಲಿ ನಿಮ್ಮ ಸುದ್ದಿ ಹೇಳುತ್ತಿದ್ದರು. ಎತ್ತಿ ಕೂರಿಸಿದ್ದು, ಬುಟ್ಟಿ ಜೋಪಾನ ಮಾಡಿ ಬಸ್ಸಿನಲ್ಲಿ ಕಳಿಸಿದ್ದು. ಅವರಿಗೆ ನಿಮ್ಮ ಮೇಲೆ ಸಿಟ್ಟು ಇರಲಿಲ್ಲ. ನನಗೆ ಈಗ ಸ್ವಲ್ಪ ಇದೆ." ಲೋಟಗಳನ್ನು ಕೈಗೆ ಕೊಟ್ಟು ಹೇಳಿದಳು, "ಹೋಗ್ತದೆ. ನೀವು ಬಂದು ಹೇಳಿದಿರಲ್ಲ. ಕೂತುಕೊಳ್ಳಿ, ಬಿಸಿಲು."

ಅವರು ಕೂತರು. ಮಜ್ಜಿಗೆ ಕುಡಿದರು. ಅಮ್ಮಣಿಯ ಬಸಳೆ ಚಪ್ಪರ ಇನ್ನೂ ಇತ್ತು. ಅದಕ್ಕೆ ಈಗ ಯಾರು ನೀರು ಹಾಕುವುದು ಎಂದು ಕೇಳಿದರು. ತಾನೇ ಎಂದಳು ಪ್ರಾಪ್ತಿ. ಹಾಗೆ ಅರ್ಧ ಗಂಟೆ ಅಮ್ಮಣಿಯ ಬಗ್ಗೆ ಮಾತು ನಡೆಯಿತು. ಹೊರಡುವಾಗ ಪ್ರಾಪ್ತಿ ಗೇಟಿನವರೆಗೆ ಬಂದಳು.

ಏಪ್ರಿಲಿನಲ್ಲಿ ಜಿನೇಶ್ ಸ್ವತಃ ಬಸ್ ಮಾಲಕರ ಹತ್ತಿರ ಹೋಗಿ, ತಾನು ಹಿಂದೆ ಹೇಳಿದ್ದು ಅರ್ಧ ತಿಳಿದುಕೊಂಡು ಹೇಳಿದ ಮಾತು ಎಂದು ವಿವರಿಸಿದ. ಶ್ರೇಯಾಂಸಕುಮಾರ ಈಗ ಬೆಳಿಗ್ಗೆ ಮಾತ್ರ ನಿಲ್ದಾಣಕ್ಕೆ ಹೋಗುತ್ತಾರೆ. ಮಾತ್ರೆ ಇನ್ನೂ ಕೆಲವು ತಿಂಗಳು ಉಂಟು. ಯಾರಾದರೂ ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರೆ, "ಮನಸ್ಸಿಗೆ ಹುಷಾರಿರಲಿಲ್ಲ, ಮದ್ದು ಮಾಡಿದೆ," ಎನ್ನುತ್ತಾರೆ, ಜ್ವರ ಬಂದಿತ್ತು ಎಂದ ಹಾಗೆ.

ಮೊನ್ನೆ ಅಣ್ಣು ಎಂಬ ಡ್ರೈವರು ಬಸ್ಸು ನಿಲ್ಲಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಅವರ ಹತ್ತಿರ ಬಂದನಂತೆ. ಹೆಂಡತಿ ಹೆರಿಗೆಯಾದಾಗಿನಿಂದ ಮಾತೇ ಆಡುವುದಿಲ್ಲ, ಮಗುವನ್ನು ನೋಡಿದರೆ ಅಳುತ್ತಾಳೆ, ಮನೆಯವರು ಏನೇನೋ ಹೇಳುತ್ತಾರೆ ಎಂದನಂತೆ. ಶ್ರೇಯಾಂಸಕುಮಾರ ಅವನ ಮಾತನ್ನು ಪೂರ್ತಿ ಕೇಳಿದರು. ಮನೆಗೆ ಬಂದು ಶರಣ್ಯಾಳ ಹತ್ತಿರ ಉಝ್ಮಾಳ ನಂಬರು ಬರೆಸಿಕೊಂಡರು.

"ನಾನೂ ಜೊತೆಗೆ ಹೋಗ್ತೇನೆ," ಎಂದರು. "ಮೊದಲನೆಯ ಸಲ ಆ ಕೋಣೆಯ ಒಳಗೆ ಹೋಗಲಿಕ್ಕೆ ಕಾಲು ಬರುವುದಿಲ್ಲ. ಆ ಹುಡುಗಿಗೆ ಹೆದರಿಕೆ ಆಗಬಾರದು."

ಅನಂತಮತಿ ಗಂಡನ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ಇಟ್ಟರು. ಮಗುವಿಗೆಂದು ಒಂದು ಹತ್ತಿಯ ಟೊಪ್ಪಿಯನ್ನೂ ಚೀಲಕ್ಕೆ ಹಾಕಿದರು.